ಬೆಳಕು ಮೀನುಗಾರಿಕೆಗೆ ಮತ್ತೊಮ್ಮೆ ನಿಷೇಧ: ಈ ಸಲವಾದರೂ ದಕ್ಕೆಯಲ್ಲಿ ಕೇಳುವವರಿದ್ದಾರಾ?

ದಕ್ಕೆಬದಿ

ಎಲ್ಲರಿಗೂ ನಮಸ್ಕಾರ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಡಲ ಮೀನುಗಾರಿಕೆಗೆ ಹೊಸ ನಿಯಮ ತಂದಿದ್ದು ಗೊತ್ತಿರಬಹುದು. ದಡದಿಂದ 12 ನಾಟಿಕಲ್ ಮೈಲಿನವರೆಗೆ ರಾಜ್ಯದ ಕಾಯ್ದೆ ನಡೆಯುತ್ತದೆ. ಅಲ್ಲಿಂದಾಚೆ 200 ಮೈಲಿನವರೆಗೆ ಕೇಂದ್ರದ ಮಾತು. ಆ ಆಚೆಯ ನೀರಿನಲ್ಲಿ ನಮ್ಮದೇ ದೇಶದ ಬೋಟುಗಳಿಗೆ ಇಷ್ಟು ವರ್ಷ ಪೂರ್ತಿಯಾದ ನಿಯಮವೇ ಇರಲಿಲ್ಲ. ಈಗ ಬಂದಿದೆ. ಯಾಂತ್ರೀಕೃತ ಬೋಟಿನವರು ಆನ್‌ಲೈನಿನಲ್ಲಿ ಪಾಸ್ ಮಾಡಿಸಬೇಕು. ಅದಕ್ಕೆ ದುಡ್ಡಿಲ್ಲ. ಸಾಂಪ್ರದಾಯಿಕ ಸಣ್ಣ ದೋಣಿಯವರಿಗೆ ಪಾಸೇ ಬೇಡ. ವಿದೇಶಿ ಹಡಗಿಗೆ ಜಾಗ ಇಲ್ಲ. ರಾತ್ರಿ ಎಲ್‌ಇಡಿ ಬೆಳಕು ಹಾಕಿ ಮೀನು ಸೆಳೆದು ಹಿಡಿಯುವುದು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್‌ಟ್ರಾಲ್, ಎರಡೂ ನಿಷೇಧ.

ಆ ಕೊನೆಯ ಸಾಲಿಗೆ ನಮ್ಮ ಕಡೆಯ ವಾಟ್ಸ್ಯಾಪ್ ಗುಂಪುಗಳಲ್ಲಿ ಚಪ್ಪಾಳೆ ಬಿತ್ತು. ನನಗೆ ನಗು ಬಂತು. ಇದೇ ನಿಷೇಧ 2017ರ ನವೆಂಬರ್ 10ಕ್ಕೇ ಬಂದಿತ್ತು, ಅಲ್ವಾ? ಎಂಟು ವರ್ಷ ಆಯಿತು. ಈ ಎಂಟು ವರ್ಷದಲ್ಲಿ ರಾತ್ರಿ ಕಡಲಿಗೆ ಹೋದವರು ಯಾರಾದರೂ ಬೆಳಕು ನೋಡಲಿಲ್ಲ ಅಂತ ಹೇಳಲಿ ನೋಡೋಣ.

ನಾನು ಹೇಳುವುದು ಇಷ್ಟೇ. ಕಡಲಿನಲ್ಲಿ ಹಿಡಿಯುತ್ತೇವೆ ಅಂತ ಹೊರಟರೆ ಯಾವತ್ತೂ ಹಿಡಿಯಲಾಗುವುದಿಲ್ಲ. 300 ಕಿಲೋಮೀಟರಿನ ಕರಾವಳಿಗೆ ಎಷ್ಟು ಗಸ್ತು ಬೋಟು ಇಟ್ಟರೆ ಸಾಕಾಗುತ್ತದೆ? ಆದರೆ ಬೆಳಕು ಹಾಕುವ ಬೋಟು ಆಕಾಶದಿಂದ ಇಳಿಯುವುದಿಲ್ಲ. ಡೆಕ್ಕಿನ ಮೇಲೆ ಜನರೇಟರ್ ಇಟ್ಟು, ಸಾಲಾಗಿ ದೀಪ ಕಟ್ಟಿ, ಎಲ್ಲರ ಕಣ್ಣೆದುರೇ ದಕ್ಕೆಯಿಂದ, ಅಂದರೆ ಬೋಟು ಕಟ್ಟುವ ಕಟ್ಟೆಯಿಂದ, ಹೊರಡುತ್ತದೆ. ಜನರೇಟರ್ ಏನು ಕಿಸೆಯಲ್ಲಿ ಇಟ್ಟುಕೊಂಡು ಹೋಗುವ ಸಾಮಾನಾ? ಡೀಸೆಲ್ ಕೂಡ ಹಾಗೆಯೇ. ಮೀನುಗಾರಿಕೆ ಬೋಟಿಗೆ ರಾಜ್ಯ ಸರ್ಕಾರ ತೆರಿಗೆ ಬಿಟ್ಟು ಡೀಸೆಲ್ ಕೊಡುತ್ತದೆ, ಪ್ರತಿ ಬೋಟಿಗೂ ಲೆಕ್ಕ ಇದೆ. ಮೀನು ಇಳಿಯುವುದೂ ಅದೇ ದಕ್ಕೆಯಲ್ಲಿ. ಹೊರಡುವಾಗ, ಎಣ್ಣೆ ತುಂಬಿಸುವಾಗ, ಮೀನು ಇಳಿಸುವಾಗ ಬೋಟು ದಡದಲ್ಲೇ ಕೈಗೆ ಸಿಗುತ್ತದೆ. ಅಲ್ಲಿ ಕೇಳದೆ 50 ಮೈಲಿನಾಚೆ ಹೋಗಿ ಹುಡುಕುವ ನಿಯಮ ಯಾಕೆ?

ನೀವೆಲ್ಲ ಏನಂತೀರಿ? ಬೋಟಿನವರೂ ಬರೆಯಿರಿ, ಬೈದರೂ ಪರವಾಗಿಲ್ಲ.

ಬೈಗೆಸಾರು

ಸರಿಯಾಗಿ ಹೇಳಿದ್ರಿ. ನಮ್ಮದು ಗಂಗೊಳ್ಳಿ ಕಡೆ ನಾಡದೋಣಿ. ಬೆಳಕಿನ ಬೋಟು ಒಂದು ವಾರ ಹತ್ತಿರದಲ್ಲಿ ಓಡಾಡಿದರೆ ಆಮೇಲೆ ನಮ್ಮ ಬಲೆಗೆ ಬರುವುದು ಸೀಮೆಎಣ್ಣೆ ಖರ್ಚಿಗೂ ಸಾಲುವುದಿಲ್ಲ. ಬಂಗುಡೆ ಗುಂಪು ಕಟ್ಟಿಕೊಂಡು ದಡದ ಕಡೆ ಬರುವ ಮೀನು. ಬರುವ ದಾರಿಯಲ್ಲೇ ಬೆಳಕಿಗೆ ಸೇರಿಸಿ ಸುತ್ತು ಹಾಕಿ ಎತ್ತಿಬಿಟ್ಟರೆ ನಮಗೆ ಎಂತ ಉಳಿಯುತ್ತದೆ?

ಹಳಬರು ಇದೇ ಕತೆಯನ್ನು ರಂಪಣಿ ಬಲೆಯ ಬಗ್ಗೆ ಹೇಳುತ್ತಾರೆ. 1970ರ ದಶಕದ ಕೊನೆಯಲ್ಲಿ ಮೀನಿನ ಗುಂಪಿನ ಸುತ್ತ ಬಲೆ ಬಿಟ್ಟು ಎತ್ತುವ ಪರ್ಸೀನ್ ಬೋಟು ಬಂತು. ಕೆಲವೇ ವರ್ಷದಲ್ಲಿ ದಡದಿಂದ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ ಮುಗಿಯಿತು. ಈಗ ಕೈರಂಪಣಿ ಅಂತ ಸಣ್ಣದು ಅಲ್ಲಲ್ಲಿ ಉಂಟು. ಆ ಪರ್ಸೀನ್ ಬೋಟಿಗೆ ಸಾಲ ಕೊಡಿಸಿದ್ದು, ಸಬ್ಸಿಡಿ ಕೊಟ್ಟಿದ್ದು ಯಾರು? ಸರ್ಕಾರವೇ ಅಲ್ವಾ? ಹಾಗಾಗಿ ಈಗ ಸರ್ಕಾರ ನಾಡದೋಣಿಯವರ ಪರ ಅಂತ ಹೇಳಿದರೆ ನಂಬುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ ಮಾರಾಯ್ರೆ.

ತೆರೆನೊರೆ

ಬೈದರೂ ಪರವಾಗಿಲ್ಲ ಅಂದಿದ್ದೀರಿ, ಹಾಗಾಗಿ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಬೋಟು ಇದೆ. ಬೆಳಕು ಹಾಕುವ ಬೋಟಲ್ಲ. ಆದರೆ ಹಾಕುವವರು ಯಾಕೆ ಹಾಕುತ್ತಾರೆ ಅಂತ ಗೊತ್ತು.

ಒಂದು ಬೋಟು ಕಡಲಿಗೆ ಹೋಗಿ ಬರಬೇಕಾದರೆ ಡೀಸೆಲ್, ಐಸು, ರೇಷನ್, ಬಲೆ ರಿಪೇರಿ, ಬೋಟಿನಲ್ಲಿ ದುಡಿಯುವ ಕಲಾಸಿಗಳ ಪಾಲು ಎಲ್ಲ ಸೇರಿ ಕೈಯಿಂದ ಮೊದಲೇ ಹೋಗುತ್ತದೆ. ಮೀನು ಬಂದರೆ ಮಾತ್ರ ವಾಪಸ್. ಬ್ಯಾಂಕಿನವರು ಮೀನು ಬರಲಿಲ್ಲ ಅಂದರೆ ಕಂತು ಬಿಡುತ್ತಾರಾ? ಬೆಳಕು ಹಾಕಿದರೆ ಹುಡುಕಾಟಕ್ಕೆ ಸುಡುವ ಡೀಸೆಲ್ ಉಳಿಯುತ್ತದೆ. ಒಂದೇ ಕಡೆ ನಿಂತರೆ ಮೀನೇ ಹತ್ತಿರ ಬರುತ್ತದೆ. ಲೆಕ್ಕ ಅಷ್ಟೇ.

ಇನ್ನೊಂದು ವಿಷಯ. ನಾವು ನಿಲ್ಲಿಸಿದರೆ ಪಕ್ಕದ ರಾಜ್ಯದ ಬೋಟು ನಿಲ್ಲಿಸುತ್ತದಾ? ಗೋವಾದವರು ಮಲ್ಪೆ ಬೋಟು ಬಂತು ಅಂತ ದೂರುತ್ತಾರೆ. ನಮ್ಮವರು ಹೊರಗಿನ ಬೋಟಿನ ಮೇಲೆ ಹೇಳುತ್ತಾರೆ. ಮೀನಿಗೆ ಗಡಿ ಇಲ್ಲ, ಬೋಟಿನವನಿಗೆ ಮಾತ್ರ ಉಂಟು. ಮಲ್ಪೆ ದಕ್ಕೆಯಲ್ಲಿ ಮಾತ್ರ ಬಿಗಿ ಮಾಡಿ ಉಳಿದ ಕಡೆ ಸಡಿಲ ಬಿಟ್ಟರೆ ಬೋಟು ಹೋಗಿ ಬೇರೆ ಬಂದರಿನಲ್ಲಿ ನಿಲ್ಲುತ್ತದೆ.

ಮತ್ತೆ, ಬೆಳಕೊಂದೇ ಕಳ್ಳ ಅಂತ ಮಾಡಬೇಡಿ. ಸಣ್ಣ ಕಣ್ಣಿನ ಟ್ರಾಲ್ ಬಲೆಯಲ್ಲಿ ಎಷ್ಟು ಮರಿಮೀನು ಬರುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಅಂತಲೂ ಬರೆಯಿರಿ.

ಉಪ್ಪುನೀರು

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು ನಾನು, ಈಗ ಬೇರೆ ಕೆಲಸದಲ್ಲಿದ್ದೇನೆ. ಒಂದೆರಡು ಲೆಕ್ಕ ಮುಂದಿಡುತ್ತೇನೆ, ಆಮೇಲೆ ಜಗಳ ಮುಂದುವರಿಸಿ.

ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಸಿಎಂಎಫ್‌ಆರ್‌ಐ, 2022ರ ಲೆಕ್ಕದಲ್ಲಿ ದೇಶದ ಬೇರೆ ಬೇರೆ ಭಾಗದ 135 ಮೀನು ದಾಸ್ತಾನುಗಳನ್ನು, ಅಂದರೆ ಒಂದೊಂದು ಭಾಗದ ಕಡಲಿನಲ್ಲಿರುವ ಒಂದೊಂದು ಬಗೆಯ ಮೀನಿನ ಸಮೂಹವನ್ನು, ಪರೀಕ್ಷಿಸಿತು. ಅದರಲ್ಲಿ ಶೇ 91.1 ಆರೋಗ್ಯವಾಗಿವೆ ಎಂದಿತು. ಇದನ್ನು ದಕ್ಕೆಯಲ್ಲಿ ಹೇಳಿದರೆ ಹೊಡೆಯುವುದಕ್ಕೆ ಬರುತ್ತಾರೆ. ಎರಡೂ ನಿಜ ಇರಬಹುದು. ಕಡಲಿನಲ್ಲಿ ಒಟ್ಟು ಮೀನು ಇರುವುದು ಬೇರೆ, ಒಂದು ಬೋಟಿನ ಪಾಲಿಗೆ ಬರುವುದು ಬೇರೆ. ಬೋಟು ಜಾಸ್ತಿಯಾಗಿ, ಎಂಜಿನ್ ದೊಡ್ಡದಾಗಿ, ಬಲೆ ಉದ್ದವಾದರೆ ಅದೇ ಮೀನನ್ನು ಜಾಸ್ತಿ ಜನ ಜಾಸ್ತಿ ಖರ್ಚು ಮಾಡಿ ಹಿಡಿಯುತ್ತಾರೆ. ಕಡಲು ಬರಿದಾಗದೆಯೂ ಮೀನುಗಾರ ಸಾಲಗಾರನಾಗುತ್ತಾನೆ.

ಬೂತಾಯಿ, ಅಂದರೆ ಮತ್ತಿ ಮೀನಿನ ಕತೆ ನೋಡಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ 3,297 ಟನ್. ಎಲ್ಲಿಂದ ಎಲ್ಲಿಗೆ! ಇದಕ್ಕೆ ಬೆಳಕು ಕಾರಣ ಅಂತ ಹೇಳಿಬಿಡುವುದು ಸುಲಭ. ಆದರೆ ಬೂತಾಯಿ ಮೊದಲಿನಿಂದಲೂ ಹೀಗೆಯೇ ಏರಿ ಇಳಿಯುವ ಮೀನು. ಮಳೆ, ಕಡಲಿನ ಬಿಸಿ, ಅದು ತಿನ್ನುವ ಸೂಕ್ಷ್ಮ ಪಾಚಿ, ಎಲ್ಲದರ ಕೈವಾಡ ಇದೆ. ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ ಅದು ಸೊರಗುತ್ತದೆ. ಆದರೆ ಅದು ಇಳಿಯುತ್ತಿರುವ ಹೊತ್ತಿನಲ್ಲೇ ಮರಿಗಳನ್ನೂ ಗೋರಿದರೆ ಮತ್ತೆ ಏಳುವುದಕ್ಕೆ ಬೀಜವೇ ಇರುವುದಿಲ್ಲ. ಮನುಷ್ಯ ಮಾಡುವ ತಪ್ಪು ಅಲ್ಲಿರುವುದು.

ಹಾಗಾಗಿ ದಕ್ಕೆಬದಿಯವರೇ, ದಡದಲ್ಲಿ ಹಿಡಿಯಿರಿ ಅನ್ನುವ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಮೊದಲು ನೋಡಬೇಕಾದ್ದು ಜನರೇಟರನ್ನಲ್ಲ, ಮೀನಿನ ಉದ್ದವನ್ನು. ಕೇರಳದವರು 2015ರಲ್ಲಿ 14 ಜಾತಿಗೆ ಕನಿಷ್ಠ ಅಳತೆ ತಂದರು, 2017ರಲ್ಲಿ ಅದನ್ನು 58 ಜಾತಿಗೆ ಏರಿಸಿದರು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಅದಕ್ಕಿಂತ ಸಣ್ಣದು ಬಲೆಯಲ್ಲಿ ಬಂದರೆ ಕೇಸು, ಬೋಟು ಜಪ್ತಿ. ಅಲ್ಲಿ ಎಲ್ಲ ಸರಿಯಾಗಿದೆ ಅಂತಲ್ಲ. ಆದರೆ ಮರಿಮೀನು ತಂದರೆ ಸಿಕ್ಕಿಬೀಳಬಹುದು ಅನ್ನುವ ಹೆದರಿಕೆಯಾದರೂ ಇದೆ. ನಮ್ಮ ದಕ್ಕೆಗಳಲ್ಲಿ ಯಾರಾದರೂ ಅಳತೆಕೋಲು ಹಿಡಿದಿದ್ದನ್ನು ನಾನಂತೂ ನೋಡಿಲ್ಲ.

ಜಯನಗರದ ಮೀನೂಟ

ಬೆಂಗಳೂರಿನಿಂದ ಒಂದು ದಡ್ಡ ಪ್ರಶ್ನೆ. ಜೂನ್, ಜುಲೈನಲ್ಲಿ ಕರಾವಳಿಯಲ್ಲಿ ಮೀನುಗಾರಿಕೆ ಬಂದ್ ಇರುತ್ತದೆ ಅಂತ ಕೇಳಿದ್ದೇನೆ. ಆಗಲೂ ನಮ್ಮ ಮಾರ್ಕೆಟ್ಟಿನಲ್ಲಿ ಬಂಗುಡೆ, ಅಂಜಲ್ ಸಿಗುತ್ತದಲ್ಲ, ಅದು ಎಲ್ಲಿಯದು? ಕದ್ದು ಹಿಡಿದದ್ದಾ? ಮತ್ತೆ ಸಣ್ಣ ಬಂಗುಡೆ ಕಡಿಮೆ ಬೆಲೆಗೆ ಸಿಕ್ಕಿದರೆ ತಗೊಳ್ಳಬಾರದಾ?

ಬೈಗೆಸಾರು

ದಡ್ಡ ಪ್ರಶ್ನೆ ಏನಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರೀಕೃತ ಬೋಟು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ಅವಕಾಶ. ಪೂರ್ವ ಕರಾವಳಿಯಲ್ಲಿ ಬಂದ್ ಏಪ್ರಿಲ್ 15ರಿಂದ ಜೂನ್ 14. ಅಂದರೆ ಜೂನ್ ಅರ್ಧದ ಮೇಲೆ ತಮಿಳುನಾಡು, ಆಂಧ್ರದ ಮೀನು ನಿಮಗೆ ಬರುತ್ತದೆ. ಓಮನ್‌ನಿಂದ ಬರುವುದೂ ಉಂಟು. ಫ್ರೀಜರಿನದ್ದೂ ಉಂಟು. ಎಲ್ಲ ಕದ್ದದ್ದಲ್ಲ.

ಮಳೆಗಾಲದಲ್ಲಿ ನಾಡದೋಣಿಯ ತಾಜಾ ಮೀನು ಬೇಕಾದರೆ ನಮ್ಮ ಕಡೆ ಬನ್ನಿ. ರೇಟು ಕೇಳಿ ಹೆದರಬೇಡಿ ಅಷ್ಟೇ.

ಉಪ್ಪುನೀರು

ಸಣ್ಣ ಬಂಗುಡೆಯ ಬಗ್ಗೆ: ಆ 14 ಸೆಂಟಿಮೀಟರಿಗಿಂತ ದೊಡ್ಡದಾದರೂ ಇರಲಿ. ಆದರೆ ನಿಜ ಹೇಳಬೇಕಂದರೆ ನೀವು ತಗೊಳ್ಳದಿದ್ದರೂ ಆ ಮೀನು ಉಳಿಯುವುದಿಲ್ಲ. ಊಟಕ್ಕೆ ಹೋಗದ ಮರಿಮೀನು ಫಿಶ್‌ಮಿಲ್ಲಿಗೆ ಹೋಗುತ್ತದೆ.

ದಕ್ಕೆಬದಿ

ಅಲ್ಲಿಗೇ ಬರೋಣ. ತೆರೆನೊರೆಯವರು ಕೇಳಿದ್ದೂ ಅದನ್ನೇ.

ಹೊರಗಿನವರಿಗಾಗಿ ಹೇಳುತ್ತೇನೆ. ಫಿಶ್‌ಮಿಲ್ ಅಂದರೆ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ ಪುಡಿ ಮಾಡುವ ಕಾರ್ಖಾನೆ. ಹಿಂಡಿದಾಗ ಎಣ್ಣೆ ಬರುತ್ತದೆ, ಅದಕ್ಕೂ ಬೆಲೆ ಇದೆ. ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಪುಡಿ ಸಿಗಡಿ ಕೆರೆಯ ಆಹಾರಕ್ಕೆ, ಕೋಳಿ ಆಹಾರಕ್ಕೆ ಹೋಗುತ್ತದೆ, ಹೊರದೇಶಕ್ಕೂ ಹೋಗುತ್ತದೆ. ಉಳ್ಳಾಲದಿಂದ ಉಡುಪಿ ಜಿಲ್ಲೆಯವರೆಗೆ ಇಂಥ ಕಾರ್ಖಾನೆ ಬೇಕಾದಷ್ಟಿವೆ. ಮೊದಲು ಯಾರಿಗೂ ಬೇಡವಾದ ಮೀನು, ತಲೆ, ಕರುಳು ಹೋಗುತ್ತಿತ್ತು. ಊಟಕ್ಕೆ ಯಾರೂ ಕೊಳ್ಳದ ಕಾರ್ಗಿಲ್ ಮೀನು ರಾಶಿ ಬಿದ್ದಾಗ ಇವರು ತಗೊಂಡಿದ್ದರಿಂದ ಬೋಟಿನವರಿಗೆ ನಾಲ್ಕು ಕಾಸು ಸಿಕ್ಕಿದ್ದೂ ಹೌದು. ಆದರೆ ಬೇಡದ್ದಕ್ಕೆ ಬೆಲೆ ಕಟ್ಟಿದ ಮೇಲೆ ಅದನ್ನು ಹಿಡಿಯುವುದಕ್ಕೇ ಬಲೆ ಇಳಿಯುತ್ತದೆ. ಮೊದಲು ಮರಿಮೀನು ಬಲೆಗೆ ಬಂದರೆ ಬೋಟು ನಡೆಸುವ ತಾಂಡೇಲ ಜಾಗ ಬಿಟ್ಟು ಮುಂದೆ ಹೋಗುತ್ತಿದ್ದ. ಈಗ ಯಾಕೆ ಹೋಗಬೇಕು? ಕಿಲೋಗೆ ಇಷ್ಟು ಅಂತ ಲಾರಿ ದಕ್ಕೆಯಲ್ಲೇ ಕಾದಿರುತ್ತದಲ್ಲ.

ಸರ್ಕಾರದ ಯೋಜನೆಗಳು ಇಲ್ಲಿ ಒಂದನ್ನೊಂದು ಹೊಡೆಯುತ್ತವೆ. ಒಂದು ಕೈ ಮರಿಮೀನು ಹಿಡಿಯಬೇಡಿ ಅನ್ನುತ್ತದೆ. ಇನ್ನೊಂದು ಕೈ ಸಿಗಡಿ ಕೃಷಿ ಬೆಳೆಸಿ, ರಫ್ತು ಬೆಳೆಸಿ ಅನ್ನುತ್ತದೆ. ಆ ಸಿಗಡಿ ಏನು ತಿನ್ನುತ್ತದೆ ಅಂತ ಮೂರನೆಯವರು ಕೇಳುವುದೇ ಇಲ್ಲ. 2020ರಲ್ಲಿ 20,050 ಕೋಟಿಯ ಮತ್ಸ್ಯ ಸಂಪದ ಯೋಜನೆ ಬಂತು. ಕೆರೆ, ಪಂಜರ, ಐಸ್ ಪ್ಲಾಂಟ್, ವಾಹನ, ಆಳಸಮುದ್ರ ಬೋಟು, ಎಲ್ಲಕ್ಕೂ ಸಾಮಾನ್ಯರಿಗೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ. ಒಳ್ಳೆಯದೇ. ಬಂದರು ಸುಧಾರಿಸಿದರೆ ಯಾರು ಬೇಡ ಅಂತಾರೆ? ಆದರೆ ಹಿಡಿಯುವುದಕ್ಕೂ ಬೆಳೆಸುವುದಕ್ಕೂ ಇಷ್ಟು ದುಡ್ಡು ಇದ್ದಾಗ ದಕ್ಕೆಯಲ್ಲಿ ಅಳತೆ ನೋಡುವ ನಾಲ್ಕು ಜನರಿಗೆ ಸಂಬಳ ಕೊಡುವುದು ಕಷ್ಟವಾ?

ಗಜನಿ ಬದು

ಸಿಗಡಿ ಮಾತು ಬಂತಲ್ಲ, ಕುಮಟಾ ಕಡೆಯಿಂದ ನಾನೂ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಅಘನಾಶಿನಿ ನದಿ ಕಡಲು ಸೇರುವ ಕಡೆ ಗಜನಿ ಭೂಮಿ ಇದೆ. ಉಬ್ಬರದಲ್ಲಿ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಅದರಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದರು. ಉಪ್ಪು ತಡೆಯುವ ಭತ್ತ ಅದು, ಗೊಬ್ಬರ ಔಷಧ ಏನೂ ಬೇಡ. ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟುಕೊಂಡರೆ ಮೀನು, ಸಿಗಡಿ ತಾನಾಗಿ ಒಳಗೆ ಬಂದು ಕಗ್ಗದ ಕೂಳೆ ತಿಂದು ಬೆಳೆಯುತ್ತಿದ್ದವು. ಒಂದೇ ಗದ್ದೆಯಲ್ಲಿ ಅಕ್ಕಿಯೂ ಮೀನೂ.

1990ರ ದಶಕದಲ್ಲಿ ಸಿಗಡಿಗೆ ಬೆಲೆ ಬಂತು. ಗಜನಿಯನ್ನು ಗುತ್ತಿಗೆಗೆ ಕೊಟ್ಟರು. ವರ್ಷಪೂರ್ತಿ ಉಪ್ಪುನೀರು ನಿಲ್ಲಿಸಿದರು. ಕಗ್ಗ ಹೋಯಿತು. ಹಿಂದೆಯೇ ಬಿಳಿಚುಕ್ಕೆ ರೋಗ ಬಂತು, ಸಿಗಡಿಯೂ ಹೋಯಿತು. ಬದು ಕಟ್ಟುವುದಕ್ಕೆ ಮೊದಲು ಊರವರೆಲ್ಲ ಸೇರುತ್ತಿದ್ದರು. ಗದ್ದೆಯೇ ಇಲ್ಲದ ಮೇಲೆ ಬದು ಯಾರಿಗೆ ಬೇಕು? ಈಗ ಹಲವು ಕಡೆ ಗಜನಿ ಸುಮ್ನೆ ನೀರು ನಿಂತು ಬಿದ್ದಿದೆ.

ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲೇ ಕರಾವಳಿಯ ಸಿಗಡಿ ಕೆರೆಗಳ ಮೇಲೆ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತ್ತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂದು ನೋಂದಣಿ ಮಾಡಿಸಿದವರಿಗೆ ದಾರಿ ಬಿಟ್ಟಿತು. 2009ರಲ್ಲಿ ಹೊರದೇಶದ ತಳಿಯಾದ ವನ್ನಾಮಿ ಸಿಗಡಿಗೆ ಅನುಮತಿ ಸಿಕ್ಕಿತು, ಆಂಧ್ರದಲ್ಲಿ ಅದು ಬೆಳೆದ ರೀತಿ ಎಲ್ಲರಿಗೂ ಗೊತ್ತು. 2023ರ ತಿದ್ದುಪಡಿಯಲ್ಲಿ ನೋಂದಣಿ ಇಲ್ಲದೆ ಕೆರೆ ನಡೆಸಿದರೆ ಇದ್ದ ಜೈಲು ಶಿಕ್ಷೆ ತೆಗೆದು ದಂಡ ಮಾತ್ರ ಇಟ್ಟರು. ವರ್ಷ ವರ್ಷಕ್ಕೂ ಹಗ್ಗ ಸಡಿಲವಾಗುತ್ತಾ ಬಂದಿದೆ ಅಂತ ನನಗನಿಸುತ್ತದೆ.

ಅದರ ನಡುವೆ 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಅನ್ನುವ ರಾಮ್ಸಾರ್ ಪಟ್ಟ ಸಿಕ್ಕಿತು. ಫೋಟೋ ಬಂತು, ಭಾಷಣ ಆಯಿತು. ಅಳಿವೆಯ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರಿಗೆ ಈ ಪಟ್ಟದಿಂದ ಏನು ಸಿಕ್ಕಿತು ಅಂತ ಯಾರೂ ಕೇಳಲಿಲ್ಲ. ಮೀನುಗಾರಿಕೆ ನೀತಿ ಅಂದಾಗ ಎಲ್ಲರ ಕಣ್ಣು ಬೋಟಿನ ಮೇಲೆ. ಬಂಗುಡೆ, ಸಿಗಡಿ ಅಂತ ಮಾತಾಡುತ್ತೀರಿ. ಎಷ್ಟೋ ಜಾತಿ ಸಿಗಡಿ, ಮೀನು ಮರಿಯಾಗಿ ಬೆಳೆಯುವುದು ಅಳಿವೆಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ನಡುವೆ. ಅಳಿವೆ ಹಾಳಾದರೆ ನಿಮ್ಮ ದಕ್ಕೆಯಲ್ಲಿ ಅಳೆಯುವುದಕ್ಕೆ ಮೀನೇ ಇರುವುದಿಲ್ಲ.

ತೆರೆನೊರೆ

ಗಜನಿಯವರು ಹೇಳಿದ್ದು ಹೌದು. ಹೊನ್ನಾವರದ ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ಬೀದಿಗೆ ಇಳಿದಿದ್ದು ಇದೇ ಕಾರಣಕ್ಕೆ. ನಮ್ಮ ಜನರೇಟರ್ ಹುಡುಕುವ ಸರ್ಕಾರ ಅಂಥ ದೊಡ್ಡ ಯೋಜನೆಯ ಎದುರು ಅದೇ ಗಂಟಲಲ್ಲಿ ಮಾತಾಡುತ್ತದಾ?

ಉಪ್ಪುನೀರು

ಒಪ್ಪಿದೆ. ಆದರೆ ಅದು ಬೇರೆ ಎಳೆಯಾಗಿ ಹೋಗುವಷ್ಟು ದೊಡ್ಡ ವಿಷಯ. ಇಲ್ಲಿ ಸೇರಿಸಿದರೆ ಬೆಳಕಿನ ಮಾತು ಮುಳುಗುತ್ತದೆ.

ಪಾಸ್ ವಿಷಯ ಒಂದು ಹೇಳಬೇಕಿತ್ತು. ಕೆಲವರು ಇದು ದೊಡ್ಡ ಕಂಪನಿಗಳಿಗೆ ಬಾಗಿಲು ತೆರೆಯುವುದಕ್ಕೆ ಅಂತ ಹೆದರುತ್ತಿದ್ದಾರೆ. ಹೆದರಿಕೆಗೆ ಹಳೇ ಕಾರಣ ಇದೆ. 1991ರ ಆಳಸಮುದ್ರ ನೀತಿಯಲ್ಲಿ ವಿದೇಶಿ ಪಾಲುದಾರಿಕೆಯ ಹಡಗಿಗೆ ಅನುಮತಿ ಕೊಟ್ಟರು. ದೇಶದ ಮೀನುಗಾರರೆಲ್ಲ ಮುಷ್ಕರ ಹೂಡಿದ ಮೇಲೆ ಮುರಾರಿ ಸಮಿತಿ ಬಂತು. ಆಮೇಲೆಯೂ ಬೇರೆ ಹೆಸರಿನ ಅನುಮತಿ ಪತ್ರದಲ್ಲಿ ಅದು ಮುಂದುವರಿದು 2017ರಲ್ಲಿ ನಿಂತಿತು. ಹೊಸ ನಿಯಮದಲ್ಲಿ ಸಹಕಾರ ಸಂಘಗಳಿಗೆ, ಮೀನುಗಾರ ಉತ್ಪಾದಕ ಗುಂಪುಗಳಿಗೆ ಮೊದಲ ಅವಕಾಶ ಅಂತ ಬರೆದಿದ್ದಾರೆ. ದೊಡ್ಡ ತಾಯಿ ಹಡಗು ಕಡಲಲ್ಲೇ ನಿಂತು ಸಣ್ಣ ಬೋಟುಗಳಿಂದ ಮೀನು ತುಂಬಿಸಿಕೊಳ್ಳುವುದಕ್ಕೂ ಅವಕಾಶ ಇದೆ. ದಕ್ಕೆಬದಿಯವರೇ, ಇದು ನಿಮ್ಮ ವಾದಕ್ಕೆ ನೇರ ಹೊಡೆತ. ಮೀನು ದಕ್ಕೆಗೇ ಬರದೆ ಕಡಲಿನಲ್ಲೇ ಕೈ ಬದಲಾದರೆ ಅಳತೆ ಎಲ್ಲಿ ನೋಡುತ್ತೀರಿ?

ದಕ್ಕೆಬದಿ

ಒಳ್ಳೆಯ ಪ್ರಶ್ನೆ. ತಾಯಿ ಹಡಗಿನ ಉದ್ದೇಶ ಹೆಚ್ಚಾಗಿ ಲಕ್ಷದ್ವೀಪ, ಅಂಡಮಾನ್ ಕಡೆಯ ಟ್ಯೂನಾ. ಅದನ್ನು ಹಿಡಿಯುವುದೇ ಬೇರೆ ರೀತಿ, ಮರಿಮೀನು ಗೋರುವ ಕೆಲಸ ಅಲ್ಲ. ನಮ್ಮ ಬಂಗುಡೆ, ರಾಣಿಮೀನು, ಬೊಂಡಾಸ್ ಸದ್ಯಕ್ಕೆ ದಕ್ಕೆಗೇ ಬರುತ್ತವೆ. ಬರುವಷ್ಟು ದಿನ ಅಲ್ಲೇ ನೋಡೋಣ. ಆ ಹಡಗಿಗೂ ಕೊನೆಗೊಂದು ಬಂದರು ಬೇಕಲ್ಲ, ನಮ್ಮ ಬಂದರಿಗೆ ಬಂದರೆ ಅದಕ್ಕೂ ಅದೇ ಅಳತೆ.

ಬೈಗೆಸಾರು

ಟ್ರಾನ್ಸ್‌ಪಾಂಡರ್ ಇಟ್ಟಿದ್ದಾರಲ್ಲ ಈಗ, ಅದರಲ್ಲಿ ಬೋಟು ಎಲ್ಲಿ ಉಂಟು ಅಂತ ಕಾಣುವುದಿಲ್ವಾ? 2018ರ ಡಿಸೆಂಬರ್‌ನಲ್ಲಿ ಮಲ್ಪೆಯ ಸುವರ್ಣ ತ್ರಿಭುಜ ಬೋಟು ಏಳು ಜನರ ಜೊತೆ ಕಾಣೆಯಾದಾಗ ತಿಂಗಳುಗಟ್ಟಲೆ ಎಲ್ಲಿ ಅಂತ ಯಾರಿಗೂ ಗೊತ್ತಾಗಲಿಲ್ಲ. ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ. ಜೀವ ಉಳಿಸುವುದಕ್ಕಾದರೂ ಅದು ಬೇಕು.

ತೆರೆನೊರೆ

ಜೀವಕ್ಕೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೋಟು ಎಲ್ಲಿದೆ ಅಂತ ಅದು ಹೇಳುತ್ತದೆ, ದೀಪ ಉರಿಯುತ್ತಿದೆಯಾ ಅಂತ ಹೇಳುವುದಿಲ್ಲ. ಮೀನು ಇರುವ ಜಾಗ ಬೇರೆಯವರಿಗೆ ಗೊತ್ತಾಗುತ್ತದೆ ಅಂತ ಆಫ್ ಮಾಡುವವರೂ ಇದ್ದಾರೆ. ಹಾಗೆ ಮಾಡಬಾರದು, ಆದರೆ ಮಾಡುತ್ತಾರೆ.

ಬಂದ್ ದಿನಗಳ ಬಗ್ಗೆಯೂ ಯಾರೂ ಮಾತಾಡಲಿಲ್ಲ. ಉಳಿತಾಯ ಪರಿಹಾರ ಯೋಜನೆಯಲ್ಲಿ ಮೀನುಗಾರ 1,500 ಕಟ್ಟಬೇಕು, ಸರ್ಕಾರಗಳು ಸೇರಿ 3,000 ಕೊಡುತ್ತವೆ. ಒಟ್ಟು 4,500, ಮೂರು ತಿಂಗಳಿಗೆ. ಮನೆ ಹೇಗೆ ನಡೆಯುತ್ತದೆ ಹೇಳಿ. ಆಗಸ್ಟ್‌ನಲ್ಲಿ ಕಡಲಿಗೆ ಹಾಲೆರೆದು ಬೋಟು ಇಳಿಸುವಾಗ ಎರಡು ತಿಂಗಳ ಸಾಲ ತಲೆ ಮೇಲಿರುತ್ತದೆ. ಆ ಮೊದಲ ತಿಂಗಳಲ್ಲೇ ಮರಿಮೀನು ಬೇಕಾದಷ್ಟು ಸಿಗುತ್ತದೆ. ಬಿಡಿ ಅಂದರೆ ಬಿಡುವುದು ಹೇಗೆ? ಆ ಒಂದು ತಿಂಗಳಿಗೆ ಕಲಾಸಿಗಳಿಗೆ ಸರಿಯಾದ ಪರಿಹಾರ ಕೊಟ್ಟು ನೋಡಲಿ. ಡೀಸೆಲ್ಲಿಗೆ ಬಿಡುವ ತೆರಿಗೆಯಲ್ಲಿ ಸ್ವಲ್ಪ ಕಡಿತ ಮಾಡಿದರೂ ಆಗುತ್ತದೆ, ನಮ್ಮವರು ನನಗೆ ಬೈಯಬಹುದು.

ದಕ್ಕೆಬದಿ

ಬೋಟಿನವರ ಬಾಯಿಂದ ಡೀಸೆಲ್ ಕಡಿತ ಮಾಡಿ ಅಂತ ಮೊದಲ ಸಲ ಕೇಳುತ್ತಿದ್ದೇನೆ!

ಸರಿ, ಒಂದು ಮನವಿ ಬರೆಯುತ್ತಿದ್ದೇನೆ. ಮೀನುಗಾರಿಕೆ ಇಲಾಖೆಗೂ ನಮ್ಮ ಮೀನುಗಾರರ ಸಂಘಕ್ಕೂ ಕೊಡುತ್ತೇವೆ. ಆಗಸ್ಟ್‌ಗೆ ಮೊದಲು ಬೋಟುಗಳು ದಡದಲ್ಲಿರುವಾಗಲೇ ದೀಪದ ಜನರೇಟರ್ ಪರಿಶೀಲಿಸಬೇಕು. ಸಿಕ್ಕಿದರೆ ಆ ಸೀಸನ್ನಿನ ಡೀಸೆಲ್ ರಿಯಾಯಿತಿ ಇಲ್ಲ. ದಕ್ಕೆಯಲ್ಲಿ ಅಳತೆ ನೋಡಬೇಕು, ಅದು ಬೋಟಿನವನಿಗೆ ಮಾತ್ರ ಅಲ್ಲ, ಕೊಂಡವನಿಗೂ ಅನ್ವಯಿಸಬೇಕು. ಮೊದಲ ತಿಂಗಳ ಪರಿಹಾರದ ಮಾತನ್ನೂ ಸೇರಿಸುತ್ತೇನೆ.

ಬೈಗೆಸಾರು

ಸೇರಿಸಿ. ನಮ್ಮ ಕಡೆಯಿಂದ ಸಹಿ ಹಾಕಿಸಿಕೊಡುತ್ತೇನೆ. ಆದರೆ ಇಲಾಖೆಯವರ ಜೊತೆ ನಾಡದೋಣಿಯವನೊಬ್ಬ, ಬೋಟಿನವನೊಬ್ಬ ಇಬ್ಬರೂ ನಿಂತು ನೋಡಬೇಕು ಅಂತ ಬರೆಯಿರಿ. ಅಧಿಕಾರಿ ಒಬ್ಬರೇ ಬಂದರೆ ಅವತ್ತು ದಕ್ಕೆಯಲ್ಲಿ ಒಂದೂ ಜನರೇಟರ್ ಇರುವುದಿಲ್ಲ.

ತೆರೆನೊರೆ

ಫಿಶ್‌ಮಿಲ್ಲಿನ ಗೇಟಿನಲ್ಲೂ ಅದೇ ದಿನ ಅಳೆಯುವುದಾದರೆ ಸಹಿ ಹಾಕುತ್ತೇನೆ. ದಕ್ಕೆಯಲ್ಲಿ ಮಾತ್ರ ಅಂದರೆ ಇಲ್ಲ.

ದಕ್ಕೆಬದಿ

ಗೇಟೂ ಸೇರಿತು. ಕರಡು ಭಾನುವಾರ ಇಲ್ಲೇ ಹಾಕುತ್ತೇನೆ, ತಿದ್ದುವವರು ತಿದ್ದಿ. ಗಜನಿಯವರೇ, ಅಳಿವೆಯ ಬಗ್ಗೆ ಬೇರೆ ಎಳೆ ಶುರು ಮಾಡುತ್ತೀರಾ?

ಗಜನಿ ಬದು

ಮಾಡುತ್ತೇನೆ. ಗದ್ದೆ ಗುತ್ತಿಗೆಗೆ ಕೊಟ್ಟವರಲ್ಲಿ ನಮ್ಮ ಮನೆಯವರೂ ಇದ್ದಾರೆ, ಹಾಗಾಗಿ ಅಲ್ಲಿ ನನಗೂ ಬೈಗುಳ ಗ್ಯಾರಂಟಿ.